ತಂತಿ ವೆಲ್ಡಿಂಗಿನ ಗನ್ನು ಕೈಕೊಟ್ಟಾಗ
(ಮೇಳಿಗೆಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ಬೋರ್ಡೋ ದ್ರಾವಣದ ವಿಷಯವನ್ನಾಗಲಿ, ಸೊಪ್ಪುಗೊಬ್ಬರದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ಆ ಮಾತುಗಳನ್ನು ಬೇಕಾದಷ್ಟು ಸಲ ಆಡಿದ್ದೇವೆ. ಮುಂದೆಯೂ ಆಡುವುದು ಇದ್ದೇ ಇದೆ. ಇಂದಿನ ವಿಷಯ ನಿಮ್ಮಲ್ಲಿ ಕೆಲವರ ಕೊಟ್ಟಿಗೆಯ ಮೂಲೆಗೆ ಬಂದು ಕುಳಿತಿರುವ ಒಂದು ಯಂತ್ರದ್ದು. ಸುರುಳಿಯಿಂದ ತಂತಿ ತಾನಾಗಿ ಹರಿದು ಬರುವ ವೆಲ್ಡಿಂಗ್ ಯಂತ್ರ ಅದು. ಪೇಟೆಯ ವರ್ಕ್‌ಶಾಪಿನವರು ಇದನ್ನು ಮಿಗ್ ವೆಲ್ಡಿಂಗ್ ಎಂದೋ, ಸಿಲಿಂಡರಿನಲ್ಲಿರುವ ಗ್ಯಾಸಿನ ಹೆಸರು ಹಿಡಿದು ಸಿ.ಓ.ಟು. ವೆಲ್ಡಿಂಗ್ ಎಂದೋ ಕರೆಯುವುದುಂಟು. ರಾಡ್ ಹಿಡಿದು ಮಾಡುವ ಹಳೆಯ ವೆಲ್ಡಿಂಗಿಗೆ ಪಳಗಿದ ಕೈ ಬೇಕು. ಇದರಲ್ಲಿ ಗನ್ನಿನ ಗುಂಡಿ ಒತ್ತಿದರೆ ತಂತಿ ಬರುತ್ತದೆ, ಕಿಡಿ ಹತ್ತುತ್ತದೆ, ಕಬ್ಬಿಣ ಕೂಡುತ್ತದೆ. ಗ್ಯಾಸು ಬೇಡದ, ಒಳಗೆ ಪುಡಿ ತುಂಬಿದ ತಂತಿಯೂ ಸಿಕ್ಕುವುದರಿಂದ ಸಿಲಿಂಡರ್ ಹೊರುವ ಕಷ್ಟವೂ ಇಲ್ಲ. ಟಿಲ್ಲರಿನ ಟ್ರೇಲರ್ ಕೊಕ್ಕೆ ಮುರಿದರೆ, ಗೇಟಿನ ತಿರುಗಣೆ ಕಳಚಿದರೆ, ಅಡಿಕೆ ಸುಲಿಯುವ ಯಂತ್ರದ ಚೌಕಟ್ಟು ಬಿರುಕು ಬಿಟ್ಟರೆ, ತೀರ್ಥಹಳ್ಳಿಯವರೆಗೆ ಹೊತ್ತುಕೊಂಡು ಹೋಗುವ ಬದಲು ಅಂಗಳದಲ್ಲಿಯೇ ಕೆಲಸ ಮುಗಿಯುತ್ತದೆ.

ಎಲ್ಲಿಯವರೆಗೆ? ಗನ್ನು ಕೆಲಸ ಮಾಡುವವರೆಗೆ. ಕೊನೆ ಕೊಯ್ದು ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿರುವಾಗ ಸುಲಿಯುವ ಯಂತ್ರ ಮುರಿದು, ಅದನ್ನು ಕೂಡಿಸಲು ಹೊರಟರೆ ವೆಲ್ಡಿಂಗ್ ಗನ್ನೂ ಸತ್ತು ಬಿದ್ದರೆ ಏನಾಗುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಸುಲಿಯುವವರು ಸಿಕ್ಕುವುದಿಲ್ಲ, ಹಸಿ ಅಡಿಕೆ ಕಾಯುವುದಿಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯ ಅವಸರಕ್ಕೆ ಬಿದ್ದು ಪ್ಲಗ್ಗು ತೆಗೆಯದೆಯೇ ಗನ್ನು ಬಿಚ್ಚಲು ಕೂರುತ್ತಾನೆ. ನಾನು ಈ ವಿಷಯವನ್ನು ಎತ್ತಿಕೊಳ್ಳಲು ಅದೇ ಮುಖ್ಯ ಕಾರಣ.

ನನ್ನದು ಕೃಷಿ ಡಿಪ್ಲೊಮಾ. ವೆಲ್ಡಿಂಗನ್ನು ವೃತ್ತಿಯಾಗಿ ಕಲಿತವನು ನಾನಲ್ಲ. ಕಲಿತವರ ಪಕ್ಕದಲ್ಲಿ ಕುಳಿತು ನೋಡಿ, ಕೇಳಿ, ಬಿಚ್ಚಿ ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಯಂತ್ರದ ಪೆಟ್ಟಿಗೆಯ ಒಳಗಿನ ಮಾತು ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಅದು ರಿಪೇರಿಯವರ ಕೆಲಸ. ಗನ್ನು, ಅದರ ಕೇಬಲ್ಲು, ಕಬ್ಬಿಣಕ್ಕೆ ಕಚ್ಚಿಸುವ ಕ್ಲ್ಯಾಂಪು, ಗೋಡೆಯ ಪ್ಲಗ್ಗು, ಇಷ್ಟು ನಮ್ಮ ಹದ್ದು.

ಮೊದಲು ಕರೆಂಟಿನ ದಾರಿಯನ್ನು ತಿಳಿಯೋಣ. ಆಲೆಮನೆಯ ಗಾಣದ ಕೋಣವನ್ನು ನೀವೆಲ್ಲ ನೋಡಿದ್ದೀರಿ. ಅದು ಸುತ್ತು ಬರಬೇಕು. ಸುತ್ತಿನಲ್ಲಿ ಎಲ್ಲಿಯೇ ಅಡ್ಡ ಬಂದರೂ ಗಾಣ ನಿಲ್ಲುತ್ತದೆ. ವೆಲ್ಡಿಂಗಿನ ಕರೆಂಟೂ ಹಾಗೆಯೇ. ಯಂತ್ರದಿಂದ ಹೊರಟು ಗನ್ನಿನ ದಪ್ಪ ಕೇಬಲ್ಲಿನಲ್ಲಿ ಬಂದು, ತುದಿಯಲ್ಲಿರುವ ತಾಮ್ರದ ಟಿಪ್ಪಿನಿಂದ ತಂತಿಗೆ ಹತ್ತಿ, ಕಿಡಿಯಾಗಿ ಕಬ್ಬಿಣಕ್ಕೆ ಹಾರಿ, ಅಲ್ಲಿಂದ ಕ್ಲ್ಯಾಂಪು ಹಿಡಿದು ಇನ್ನೊಂದು ಕೇಬಲ್ಲಿನಲ್ಲಿ ಮತ್ತೆ ಯಂತ್ರಕ್ಕೆ ಹೋಗುತ್ತದೆ. ಇದು ದೊಡ್ಡ ಸುತ್ತು. ಇದರ ಜೊತೆಗೆ ಒಂದು ಚಿಕ್ಕ ಸುತ್ತೂ ಇದೆ. ಗನ್ನಿನ ಗುಂಡಿಯ ಕೆಳಗಿರುವ ಪುಟ್ಟ ಸ್ವಿಚ್ಚಿನಿಂದ ದಾರದಷ್ಟು ತೆಳುವಾದ ಎರಡು ವಯರುಗಳು ಅದೇ ಕೇಬಲ್ಲಿನೊಳಗೆ ಯಂತ್ರದವರೆಗೆ ಓಡುತ್ತವೆ. ಗುಂಡಿ ಒತ್ತಿದಾಗ ಅವೆರಡೂ ಕೂಡಿ, “ತಂತಿ ಬಿಡು, ಕರೆಂಟು ಕೊಡು” ಎಂದು ಯಂತ್ರಕ್ಕೆ ಅಪ್ಪಣೆ ಕೊಡುತ್ತವೆ. ಗನ್ನು ನಿಂತಾಗ ಈ ಎರಡು ಸುತ್ತುಗಳಲ್ಲಿ ಯಾವುದು ಕಡಿದಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಜನರು ಸಾಮಾನ್ಯವಾಗಿ ಗನ್ನನ್ನೇ ದೂರುತ್ತಾರೆ, ಕೈಯಲ್ಲಿರುವುದು ಅದೇ ನೋಡಿ. ಆದರೆ ತಪ್ಪು ಎಷ್ಟೋ ವೇಳೆ ಎರಡು ಮಾರು ಆಚೆ ಕ್ಲ್ಯಾಂಪಿನಲ್ಲಿರುತ್ತದೆ.

ಪರೀಕ್ಷೆಗೆ ಕೈ ಹಾಕುವ ಮುಂಚೆ ಯಂತ್ರದ ಸ್ವಿಚ್ಚನ್ನು ಆರಿಸುವುದಷ್ಟೇ ಅಲ್ಲ, ಪ್ಲಗ್ಗನ್ನು ಗೋಡೆಯಿಂದ ಎಳೆದು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳತಕ್ಕದ್ದು. ಕಾಣದ ಕಡೆ ಇಟ್ಟರೆ ಮನೆಯ ಇನ್ನೊಬ್ಬರು ಸಹಾಯ ಮಾಡಲು ಹೋಗಿ ಚುಚ್ಚಿಬಿಡುವುದುಂಟು. ಆ ಬಳಿಕವೂ ಐದು ನಿಮಿಷ ಸುಮ್ಮನಿರಿ. ಇನ್ವರ್ಟರ್ ಯಂತ್ರಗಳ ಒಳಗೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಕೆಪಾಸಿಟರುಗಳಿವೆ. ಪ್ಲಗ್ಗು ತೆಗೆದ ಕೂಡಲೆ ಅವು ಬರಿದಾಗುವುದಿಲ್ಲ. ಪೆಟ್ಟಿಗೆ ಬಿಚ್ಚಬೇಡಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಪರೀಕ್ಷೆಯ ಸಾಮಾನು ಏನು ಬೇಕು? ಮಲ್ಟಿಮೀಟರ್ ಇದ್ದರೆ ಉತ್ತಮ. ಇಲ್ಲದಿದ್ದರೆ ಟಾರ್ಚಿನ ಸೆಲ್ಲು, ಅದಕ್ಕೆ ಹೊಂದುವ ಟಾರ್ಚ್ ಬಲ್ಬು, ಎರಡು ತುಂಡು ವಯರು ಸಾಕು. ಸೆಲ್ಲಿನಿಂದ ಬಲ್ಬಿಗೆ, ಬಲ್ಬಿನಿಂದ ಒಂದು ತುದಿ, ಸೆಲ್ಲಿನಿಂದ ಇನ್ನೊಂದು ತುದಿ. ಎರಡು ತುದಿಗಳ ನಡುವೆ ದಾರಿ ಕೂಡಿದ್ದರೆ ದೀಪ ಹೊತ್ತುತ್ತದೆ, ಕಡಿದಿದ್ದರೆ ಇಲ್ಲ. ಪ್ಲಗ್ಗು ತೆಗೆದ ಯಂತ್ರಕ್ಕೆ ಮಾತ್ರ ಇದು. ಇನ್ನು ಅಂಗಿಯ ಜೇಬಿನಲ್ಲಿರುವ ಕೆಂಪು ದೀಪದ ಟೆಸ್ಟರನ್ನು ಇಲ್ಲಿ ನಂಬಬೇಡಿ. ಅದು ಮನೆಯ 230 ವೋಲ್ಟಿಗೆ ಹೊತ್ತುವಂಥದು. ತಂತಿ ವೆಲ್ಡಿಂಗಿನ ಕಿಡಿ ಉರಿಯುವುದು ಹೆಚ್ಚುಕಡಿಮೆ 15ರಿಂದ 30 ವೋಲ್ಟಿನಲ್ಲಿ. ಟೆಸ್ಟರ್ ಹೊತ್ತಲಿಲ್ಲವೆಂದು ಗನ್ನಿಗೆ ಕರೆಂಟೇ ಬರುತ್ತಿಲ್ಲ ಎಂದು ತಿಳಿದರೆ ಮೋಸ ಹೋಗುತ್ತೀರಿ.

ಈಗ ತೊಂದರೆಗಳಿಗೆ ಬರೋಣ. ಗುಂಡಿ ಒತ್ತಿದಿರಿ, ತಂತಿಯೂ ಬರಲಿಲ್ಲ, ಒಳಗೆ “ಟಕ್” ಎಂಬ ಸದ್ದೂ ಇಲ್ಲ. ಯಂತ್ರದ ದೀಪ ಮಾತ್ರ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ. ಹಳದಿ ದೀಪ ಹೊತ್ತಿದ್ದರೆ ಯಂತ್ರ ಕಾದು ತಾನಾಗಿ ನಿಂತಿದೆ ಎಂದು ಅರ್ಥ. ಆರಿಸದೆ ಬಿಡಿ, ಫ್ಯಾನು ತಂಪು ಮಾಡುತ್ತದೆ. ಹಳದಿ ದೀಪ ಇಲ್ಲವೆಂದರೆ ಚಿಕ್ಕ ಸುತ್ತು ಕಡಿದಿದೆ. ಯಂತ್ರಕ್ಕೆ ಗನ್ನು ಸೇರುವ ಕಡೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಕನೆಕ್ಟರ್ ಇದ್ದರೆ ಅದನ್ನು ಬಿಚ್ಚಿ ಮುಖ ನೋಡಿ. ನಡುವಿನ ದೊಡ್ಡ ಕೊಳವೆಯ ಪಕ್ಕದಲ್ಲಿ ಎರಡು ಸಣ್ಣ ಪಿನ್ನುಗಳಿರುತ್ತವೆ. ಅವೇ ಗುಂಡಿಯ ವಯರಿನ ತುದಿಗಳು. ಗನ್ನನ್ನು ಓರೆಯಾಗಿ ತುರುಕಿದರೆ ಈ ಪಿನ್ನು ಬಾಗುತ್ತದೆ, ಇಲ್ಲವೆ ಒಳಕ್ಕೆ ಸರಿದು ಎದುರಿನ ತೂತಿಗೆ ಮುಟ್ಟದೆ ಉಳಿಯುತ್ತದೆ. ಗನ್ನು ಸತ್ತೇ ಹೋಯಿತೆಂದು ಹೊಸದಕ್ಕೆ ದುಡ್ಡು ಹೊಂದಿಸುವ ಮುಂಚೆ ಈ ಪಿನ್ನನ್ನು ಒಮ್ಮೆ ನೋಡುವುದು ಲಾಭ.

ಪಿನ್ನು ಸರಿಯಾಗಿದ್ದರೆ ಬಲ್ಬಿನ ಎರಡು ತುದಿಗಳನ್ನು ಎರಡು ಪಿನ್ನಿಗೆ ಮುಟ್ಟಿಸಿ. ಗುಂಡಿ ಬಿಟ್ಟಾಗ ದೀಪ ಹೊತ್ತಬಾರದು, ಒತ್ತಿದಾಗ ಹೊತ್ತಬೇಕು. ಒತ್ತಿದರೂ ಹೊತ್ತದಿದ್ದರೆ ಗುಂಡಿಯನ್ನು ಒತ್ತಿ ಹಿಡಿದೇ ಕೇಬಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಬಾಗಿಸುತ್ತಾ ಬನ್ನಿ. ಹಿಡಿಯ ಬುಡದಲ್ಲಿ ಒಂದು ಗೇಣು, ಯಂತ್ರದ ಬುಡದಲ್ಲಿ ಒಂದು ಗೇಣು, ಈ ಎರಡು ಜಾಗಗಳಲ್ಲಿ ಕೇಬಲ್ಲು ದಿನವೂ ಬಾಗುವುದರಿಂದ ಒಳಗಿನ ತೆಳು ವಯರು ಅಲ್ಲಿಯೇ ಮುರಿಯುವುದು ಹೆಚ್ಚು. ಬಾಗಿಸುವಾಗ ಒಂದು ಕಡೆ ದೀಪ ಮಿನುಗಿತೆಂದರೆ ಮುರಿದ ಜಾಗ ಸಿಕ್ಕಿದಂತೆ. ಎಲ್ಲಿಯೂ ಮಿನುಗದಿದ್ದರೆ ಹಿಡಿಯ ಎರಡು ಮೂರು ತಿರುಪುಗಳನ್ನು ಬಿಚ್ಚಿ. ಮೆಲ್ಲಗೆ ಬಿಚ್ಚಿ, ಒಳಗೊಂದು ಸ್ಪ್ರಿಂಗ್ ಇರುತ್ತದೆ, ಹಾರಿದರೆ ಅಂಗಳದ ಅಡಿಕೆ ಸಿಪ್ಪೆಯಲ್ಲಿ ಹುಡುಕುವವರು ಯಾರು? ಪುಟ್ಟ ಸ್ವಿಚ್ಚಿನ ಎರಡು ಕಾಲುಗಳಿಗೆ ಬಲ್ಬಿನ ತುದಿ ಮುಟ್ಟಿಸಿ ಒತ್ತಿ ನೋಡಿ. ಇಲ್ಲಿಯೂ ಹೊತ್ತದಿದ್ದರೆ ಸ್ವಿಚ್ಚೇ ಕೆಟ್ಟಿದೆ. ಅದು ಹೆಚ್ಚು ಬೆಲೆಯ ವಸ್ತುವಲ್ಲ. ಅದೇ ಅಳತೆಯದನ್ನು ತಂದು ಬೆಸುಗೆ ಹಾಕಿ, ಮೇಲೆ ಸ್ಲೀವು ತೊಡಿಸಿ ಕೂರಿಸಬಹುದು. ಬರಿಯ ವಯರನ್ನು ಹೊಸೆದು ಟೇಪು ಸುತ್ತಿದರೆ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಅಗ್ಗದ ಕೆಲವು ಯಂತ್ರಗಳಲ್ಲಿ ಕನೆಕ್ಟರೇ ಇಲ್ಲ, ಕೇಬಲ್ಲು ನೇರವಾಗಿ ಪೆಟ್ಟಿಗೆಯೊಳಕ್ಕೆ ಹೋಗಿರುತ್ತದೆ. ಅಂಥದರಲ್ಲಿ ಹಿಡಿಯ ಸ್ವಿಚ್ಚನ್ನು ಮಾತ್ರ ನೀವು ಪರೀಕ್ಷಿಸಿ, ಉಳಿದದ್ದನ್ನು ರಿಪೇರಿಯವರಿಗೆ ಬಿಡಿ.

ಇದರ ತಿರುವುಮುರುವು ಇನ್ನೊಂದಿದೆ. ಗುಂಡಿ ಬಿಟ್ಟರೂ ತಂತಿ ಬರುತ್ತಲೇ ಇರುತ್ತದೆ! ಹೆದರಿ ಗನ್ನನ್ನು ಎಸೆಯಬೇಡಿ, ಯಂತ್ರದ ಸ್ವಿಚ್ಚನ್ನು ಆರಿಸಿ. ಬಳಿಕ ಯಂತ್ರದ ಮುಖದಲ್ಲಿ “2ಟಿ, 4ಟಿ” ಎಂಬ ಗುರುತಿನ ಸ್ವಿಚ್ಚು ಇದೆಯೇ ನೋಡಿ. 4ಟಿಯಲ್ಲಿ ಒಮ್ಮೆ ಒತ್ತಿ ಬಿಟ್ಟರೆ ಓಡುತ್ತದೆ, ಮತ್ತೊಮ್ಮೆ ಒತ್ತಿ ಬಿಟ್ಟರೆ ನಿಲ್ಲುತ್ತದೆ. ಅದು ದೋಷವಲ್ಲ, ಉದ್ದ ಗೆರೆ ಎಳೆಯುವವರ ಬೆರಳಿಗೆ ಕೊಟ್ಟ ಅನುಕೂಲ. 2ಟಿಗೆ ಹಾಕಿದ ಮೇಲೆಯೂ ನಿಲ್ಲದಿದ್ದರೆ ಎರಡು ತೆಳು ವಯರುಗಳು ಎಲ್ಲೋ ಒಂದಕ್ಕೊಂದು ತಗುಲಿವೆ, ಅಥವಾ ಸ್ವಿಚ್ಚು ಒತ್ತಿದಂತೆಯೇ ಅಂಟಿಕೊಂಡಿದೆ. ನಮ್ಮಲ್ಲಿ ಇದಕ್ಕೆ ಇಲಿಯ ಹಲ್ಲೂ ಕಾರಣವಾಗಬಹುದು, ಮಳೆಗಾಲದ ನೀರು ಹಿಡಿಯೊಳಗೆ ಇಳಿದಿರಲೂಬಹುದು. ಆಗುಂಬೆ ಇರುವುದು ನಮ್ಮದೇ ತಾಲ್ಲೂಕಿನಲ್ಲಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಮೇಳಿಗೆಯಲ್ಲಿ ಅಷ್ಟಿಲ್ಲದಿದ್ದರೂ ಜುಲೈ ತಿಂಗಳಿನಲ್ಲಿ ನಮ್ಮ ಕೊಟ್ಟಿಗೆಯ ಗೋಡೆ ಒಣಗಿದ್ದನ್ನು ನಾನಂತೂ ಕಂಡಿಲ್ಲ.

ಮೂರನೆಯ ತೊಂದರೆ ಎಲ್ಲಕ್ಕಿಂತ ಸಾಮಾನ್ಯವಾದುದು. ತಂತಿ ಚೆನ್ನಾಗಿ ಬರುತ್ತದೆ, ಕಬ್ಬಿಣಕ್ಕೆ ತಗುಲಿ ಬಾಗುತ್ತದೆ, ಕಿಡಿ ಮಾತ್ರ ಇಲ್ಲ. ಇದ್ದರೂ ಒದ್ದೆ ಪಟಾಕಿಯಂತೆ ಚಟಪಟ ಎಂದು ನಿಲ್ಲುತ್ತದೆ. ಚಿಕ್ಕ ಸುತ್ತು ಸರಿಯಾಗಿದೆ, ದೊಡ್ಡ ಸುತ್ತು ಕಡಿದಿದೆ. ಇಲ್ಲಿ ಗನ್ನನ್ನು ಬಿಟ್ಟು ಕ್ಲ್ಯಾಂಪಿನಿಂದ ಶುರು ಮಾಡಿ. ಬಣ್ಣದ ಮೇಲೆ, ತುಕ್ಕಿನ ಮೇಲೆ, ಒಣಗಿದ ಗದ್ದೆಯ ಕೆಸರಿನ ಮೇಲೆ ಕಚ್ಚಿಸಿದ ಕ್ಲ್ಯಾಂಪು ಕರೆಂಟು ಒಯ್ಯುವುದಿಲ್ಲ. ಅರದಿಂದ ಉಜ್ಜಿ ಬೆಳ್ಳಗೆ ಹೊಳೆಯುವ ಕಬ್ಬಿಣಕ್ಕೆ ಕಚ್ಚಿಸಿ. ಕ್ಲ್ಯಾಂಪಿನ ಬಾಯಿಯ ಸ್ಪ್ರಿಂಗ್ ಸಡಿಲವಾಗಿದೆಯೇ, ಕೇಬಲ್ಲು ಸೇರುವ ನಟ್ಟು ಸಡಿಲವಾಗಿದೆಯೇ, ಅಲ್ಲಿ ತಾಮ್ರದ ಎಳೆಗಳು ಹಸಿರುಗಟ್ಟಿ ಪುಡಿಯಾಗಿವೆಯೇ ನೋಡಿ. ಎರಡು ನಿಮಿಷ ವೆಲ್ಡಿಂಗ್ ಮಾಡಿ, ಪ್ಲಗ್ಗು ತೆಗೆದು, ಈ ಸೇರುವೆಗಳನ್ನು ಒಂದೊಂದಾಗಿ ಬೆನ್ನುಗೈಯಿಂದ ಮುಟ್ಟಿ. ಯಾವುದು ಉಳಿದವುಗಳಿಗಿಂತ ಬಿಸಿಯಾಗಿದೆಯೋ ಅಲ್ಲಿ ಕರೆಂಟು ಇಕ್ಕಟ್ಟಿನಲ್ಲಿ ನುಸುಳುತ್ತಿದೆ. ದಪ್ಪ ಕೇಬಲ್ಲಿನ ವಿಷಯದಲ್ಲಿ ಬಲ್ಬಿನ ಪರೀಕ್ಷೆಗಿಂತ ಈ ಕೈಯ ಪರೀಕ್ಷೆಯೇ ಮೇಲು. ನೂರಾರು ಎಳೆಗಳಲ್ಲಿ ನಾಲ್ಕೇ ಎಳೆ ಉಳಿದಿದ್ದರೂ ಟಾರ್ಚಿನ ಬಲ್ಬು ಹೊತ್ತುತ್ತದೆ. ಆದರೆ 100 ಆಂಪಿಯರನ್ನು ಆ ನಾಲ್ಕು ಎಳೆ ಹೊರಲಾರವು.

ಕ್ಲ್ಯಾಂಪು ಸರಿಯಾಗಿದ್ದರೆ ಆಮೇಲೆ ಗನ್ನಿನ ಮೂತಿಗೆ ಬನ್ನಿ. ಹೊರಗಿನ ನಾಜಲ್ಲನ್ನು ತೆಗೆದರೆ ಒಳಗೆ ತಾಮ್ರದ ಟಿಪ್ಪು ಇರುತ್ತದೆ. ತಂತಿಗೆ ಕರೆಂಟು ಹತ್ತುವುದು ಇದೊಂದೇ ಜಾಗದಲ್ಲಿ. ತಂತಿ ಉಜ್ಜಿ ಉಜ್ಜಿ ಅದರ ತೂತು ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ತಂತಿ ಒಮ್ಮೆ ಮುಟ್ಟುತ್ತದೆ, ಒಮ್ಮೆ ಮುಟ್ಟುವುದಿಲ್ಲ. ಕಿಡಿ ಉಗುಳುತ್ತದೆ, ತಂತಿ ಟಿಪ್ಪಿಗೇ ಸುಟ್ಟು ಅಂಟಿಕೊಳ್ಳುತ್ತದೆ. ಟಿಪ್ಪಿನ ಮೇಲೆ 0.8 ಎಂದು ಕೊರೆದಿದ್ದರೆ 0.8 ಮಿಲಿಮೀಟರ್ ತಂತಿಗೆ ಮಾತ್ರ ಅದು. ಟಿಪ್ಪನ್ನೂ, ಅದು ಕೂರುವ ಹಿತ್ತಾಳೆಯ ಹೋಲ್ಡರನ್ನೂ ಬಿಗಿಯಾಗಿ ತಿರುಗಿಸಿ. ಬೆರಳಿನ ಬಿಗಿ ಸಾಲದು, ಇಕ್ಕಳ ಬೇಕು. ಸಡಿಲವಾದ ಟಿಪ್ಪು ಗನ್ನಿನ ಕುತ್ತಿಗೆಯನ್ನೇ ಸುಡುತ್ತದೆ. ಟಿಪ್ಪು ಸವೆಯುವ ವಸ್ತು. ನೇಗಿಲಿನ ಕುಳವನ್ನು ನಾವು ಕೆಟ್ಟಿತು ಎನ್ನುತ್ತೇವೆಯೆ? ಸವೆಯಿತು ಎನ್ನುತ್ತೇವೆ, ಬದಲಾಯಿಸುತ್ತೇವೆ.

ಇಷ್ಟಾದರೂ ಕಿಡಿ ಸರಿಯಾಗದಿದ್ದರೆ ಪ್ಲಸ್ಸು ಮೈನಸ್ಸು ನೋಡಿ. ಗ್ಯಾಸಿನೊಡನೆ ಬಳಸುವ ಗಟ್ಟಿ ತಂತಿಗೆ ಗನ್ನು ಪ್ಲಸ್ಸಿನಲ್ಲಿರಬೇಕು. ಗ್ಯಾಸು ಬೇಡದ ಪುಡಿ ತುಂಬಿದ ತಂತಿಗೆ ಗನ್ನು ಮೈನಸ್ಸಿನಲ್ಲಿರಬೇಕು, ಕ್ಲ್ಯಾಂಪು ಪ್ಲಸ್ಸಿನಲ್ಲಿ. ತಂತಿಯ ಸುರುಳಿ ಬದಲಾಯಿಸಿದವರು ಇದನ್ನು ಬದಲಾಯಿಸಲು ಮರೆತರೆ ಗೆರೆ ಹುಗ್ಗಿಯ ಹಾಗೆ ಉಬ್ಬಿ, ಎಲ್ಲೆಡೆ ಕಿಡಿಯ ಹರಳು ಸಿಡಿದಿರುತ್ತದೆ. ಗನ್ನಿನಲ್ಲಿ ಏನೂ ದೋಷವಿರುವುದಿಲ್ಲ! ಸುರುಳಿಯ ಪೊಟ್ಟಣದ ಮೇಲೆ ಇದನ್ನು ಬರೆದಿರುತ್ತಾರೆ, ಓದುವವರು ಕಡಿಮೆ. ಇನ್ನು ರೋಲರು ತಿರುಗುತ್ತಿದ್ದರೂ ತಂತಿ ಬರದಿದ್ದರೆ ಅದು ಕರೆಂಟಿನ ದೋಷವಲ್ಲ. ಕೇಬಲ್ಲಿನೊಳಗಿನ ಲೈನರ್ ಕಟ್ಟಿಕೊಂಡಿದೆ, ಅಥವಾ ತಂತಿಗೆ ತುಕ್ಕು ಹಿಡಿದಿದೆ.

ನಾಜಲ್ಲಿನ ವಿಷಯ ಒಂದು ಮಾತು. ಟಿಪ್ಪಿನಲ್ಲಿ ಕರೆಂಟಿರಬೇಕು, ಹೊರಗಿನ ನಾಜಲ್ಲಿನಲ್ಲಿ ಇರಬಾರದು. ಅವೆರಡರ ನಡುವೆ ಕಿಡಿಯ ಹರಳುಗಳು ಕೂಡಿ ಸೇತುವೆ ಕಟ್ಟಿದರೆ, ಅಥವಾ ನಾಜಲ್ಲಿನ ಬುಡದ ತಡೆಬಳೆ ಸುಟ್ಟಿದ್ದರೆ, ನಾಜಲ್ಲು ಕೆಲಸಕ್ಕೆ ತಗುಲಿದೊಡನೆ ಅದರ ಅಂಚಿನಿಂದಲೇ ಕಿಡಿ ಹಾರುತ್ತದೆ. ಮರದ ಕಡ್ಡಿಯಿಂದ ಹರಳನ್ನು ಕೆರೆದು ತೆಗೆಯಿರಿ. ಗನ್ನನ್ನು ನೆಲಕ್ಕೆ ಕುಟ್ಟಿ ಹರಳು ಉದುರಿಸುವುದು ವರ್ಕ್‌ಶಾಪಿನ ಹುಡುಗರ ಅಭ್ಯಾಸ. ನೀವು ಕಲಿಯಬೇಡಿ, ಕುತ್ತಿಗೆ ಬಾಗುತ್ತದೆ, ತಡೆಬಳೆ ಒಡೆಯುತ್ತದೆ.

“ಅಲ್ಲ ಮಾರಾಯ್ರೇ, ನಮ್ಮ ಯಂತ್ರ ಬೆಳಿಗ್ಗೆ ಚೆನ್ನಾಗಿ ಉರಿಯುತ್ತದೆ, ಸಂಜೆ ಉರಿಯುವುದಿಲ್ಲ, ಇದಕ್ಕೇನು?” ಎಂದು ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳುತ್ತಿದ್ದಾರೆ. ಬಹಳ ಒಳ್ಳೆಯ ಪ್ರಶ್ನೆ. ಜೋಗದಲ್ಲಿ 1948ರಿಂದ ವಿದ್ಯುತ್ತು ತಯಾರಾಗುತ್ತಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಸಾಗರ, ಹೊಸನಗರ ಕಡೆಯ ಎಷ್ಟೋ ಜನ ಮನೆ ತೋಟ ಬಿಟ್ಟು ಎದ್ದರು. ಅಷ್ಟು ಹತ್ತಿರದಲ್ಲಿ ವಿದ್ಯುತ್ತು ಹುಟ್ಟಿದರೂ ಕಾಡಿನ ನಡುವೆ ಲೈನಿನ ಕೊನೆಗಿರುವ ಒಂಟಿ ಮನೆಗೆ ಸಂಜೆ 230 ವೋಲ್ಟು ತಲಪುವುದಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ದೂರ ಹೆಚ್ಚಿದಷ್ಟೂ, ಎಲ್ಲರ ಮನೆಯ ದೀಪ, ಮೋಟಾರು ಓಡಿದಷ್ಟೂ ವೋಲ್ಟೇಜು ಇಳಿಯುತ್ತದೆ. ಅದರ ಮೇಲೆ ನಾವು ಮಾಡುವ ತಪ್ಪೂ ಸೇರುತ್ತದೆ. ಜಗುಲಿಯ ಪ್ಲಗ್ಗಿನಿಂದ ಕಣದವರೆಗೆ 30 ಮೀಟರ್ ತೆಳು ವಯರು ಎಳೆಯುತ್ತೇವೆ. ಲೆಕ್ಕ ನೋಡಿ. ಯಂತ್ರ 15 ಆಂಪಿಯರ್ ಎಳೆದರೆ, 1 ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ ಹೋಗಿ ಬರುವ ದಾರಿಯಲ್ಲಿಯೇ ಸುಮಾರು 17 ವೋಲ್ಟು ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ಸುಮಾರು 7 ವೋಲ್ಟು ಮಾತ್ರ. ಮನೆಗೆ ಬರುವುದೇ 190 ವೋಲ್ಟು ಎಂದಾದರೆ ಆ 17 ವೋಲ್ಟಿನ ನಷ್ಟದಿಂದ ಯಂತ್ರ ಅರೆಜೀವವಾಗುತ್ತದೆ, ವಯರು ಕಾಯುತ್ತದೆ. ಹೆಚ್ಚಾದ ವಯರನ್ನು ಸುತ್ತಿ ಸಿಂಬಿ ಮಾಡಿ ಇಡಲೂಬಾರದು. ಸುತ್ತಿದ ವಯರಿನ ಬಿಸಿ ಹೊರಗೆ ಹೋಗದೆ ಮೇಲಿನ ಪ್ಲಾಸ್ಟಿಕ್ಕು ಕರಗಿದ್ದುಂಟು. ದಪ್ಪ ವಯರು ಹಾಕಿ, ಪೂರ್ತಿ ಬಿಚ್ಚಿ ಹಾಸಿ, ಬೆಳಗಿನ ಹೊತ್ತು ಕೆಲಸ ಮಾಡಿ. ಇಡೀ ಕೇರಿಗೇ ವೋಲ್ಟೇಜು ಕಡಿಮೆಯಿದ್ದರೆ ಮೆಸ್ಕಾಂಗೆ 1912ರಲ್ಲಿ ತಿಳಿಸಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಪಂಪ್‌ಸೆಟ್ಟಿಗೆಂದು ಕೊಟ್ಟ ಲೈನಿನಿಂದ ವೆಲ್ಡಿಂಗಿಗೆ ಕೊಕ್ಕೆ ಹಾಕುವ ಮಾತು ನನ್ನ ಮುಂದೆ ಆಡಬೇಡಿ.

ಇನ್ನು ಬಹಳ ಮುಖ್ಯವಾದ ವಿಷಯ. ಕಬ್ಬಿಣಕ್ಕೆ ಕಚ್ಚಿಸುವ ಆ ಕ್ಲ್ಯಾಂಪನ್ನು ನಾವೆಲ್ಲ “ಅರ್ತ್” ಎನ್ನುತ್ತೇವೆ. ಅಂಗಡಿಯವರೂ ಹಾಗೆಯೇ ಎನ್ನುತ್ತಾರೆ. ಆದರೆ ಅದು ಅರ್ತ್ ಅಲ್ಲ. ಅದು ವೆಲ್ಡಿಂಗ್ ಕರೆಂಟು ಮರಳುವ ದಾರಿ. ನಿಮ್ಮ ಜೀವ ಕಾಯುವ ಅರ್ತ್ ಇರುವುದು ಪ್ಲಗ್ಗಿನ ಮೂರನೆಯ, ದಪ್ಪ ಪಿನ್ನಿನಲ್ಲಿ. ಯಂತ್ರದ ಒಳಗೆ 230 ವೋಲ್ಟಿನ ವಯರು ಸುಲಿದು ತಗಡಿಗೆ ತಗುಲಿದರೆ ಆ ಕರೆಂಟನ್ನು ಭೂಮಿಗೆ ಒಯ್ದು ಫ್ಯೂಸು ಹೋಗುವಂತೆ ಮಾಡುವುದು ಆ ಪಿನ್ನು. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗು ಇರುತ್ತದೆ, ಮೇಲಿನ ತೂತಿನ ಹಿಂದೆ ವಯರೇ ಇರುವುದಿಲ್ಲ. ಕೆಲವರು ಪ್ಲಗ್ಗು ಕೂರಲಿಲ್ಲವೆಂದು ದಪ್ಪ ಪಿನ್ನನ್ನು ಕತ್ತರಿಸಿಯೇ ಬಿಡುತ್ತಾರೆ! ಕ್ಲ್ಯಾಂಪು ಕಚ್ಚಿಸಿದ್ದೇವಲ್ಲ, ಅರ್ತ್ ಆಯಿತಲ್ಲ ಎಂಬ ಧೈರ್ಯ ಬೇರೆ. ಈ ಒಂದು ತಪ್ಪು ತಿಳಿವಳಿಕೆ ಗನ್ನಿನ ಎಲ್ಲ ದೋಷಗಳಿಗಿಂತ ಅಪಾಯಕರ.

ಯಂತ್ರದ ತಗಡು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಕೆಲವರು ನಗುತ್ತಾ ಹೇಳುತ್ತಾರೆ. ನಗುವ ವಿಷಯವಲ್ಲ. ಅರ್ತ್ ಇಲ್ಲ ಎಂಬುದಕ್ಕಾಗಲಿ, ಒಳಗೆ ಕರೆಂಟು ಸೋರುತ್ತಿದೆ ಎಂಬುದಕ್ಕಾಗಲಿ ಅದು ಗುರುತು. ಆ ಕ್ಷಣವೇ ನಿಲ್ಲಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಮನೆಯ ಅರ್ತಿಂಗನ್ನು ಅಳೆಯಿಸಿ. ಇದ್ದಿಲು, ಉಪ್ಪು ಹಾಕಿ ಮಾಡಿದ ಹಳೆಯ ಅರ್ತ್ ಗುಂಡಿ ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ಒಣಗಿಬಿಡುತ್ತದೆ; ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ಆಗಾಗ ಎರಡು ಕೊಡ ನೀರು ಹೊಯ್ಯುವುದನ್ನು ಮನೆಯ ಯಾರಿಗಾದರೂ ಒಪ್ಪಿಸಿ. ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ 230 ವೋಲ್ಟಿನ ಸೋರಿಕೆಗೆ ಅದು ಕಣ್ಣು ಮಿಟುಕುವುದರೊಳಗೆ ಕರೆಂಟು ಕಡಿಯುತ್ತದೆ. ಆದರೆ ಗನ್ನಿನ ತುದಿಯ ಕರೆಂಟಿಗೆ ಅದು ಕಾವಲಲ್ಲ. ಯಂತ್ರದೊಳಗಿನ ಟ್ರಾನ್ಸ್‌ಫಾರ್ಮರು ಆ ಕರೆಂಟನ್ನು ಬೇರೆ ಮಾಡಿರುತ್ತದೆ.

ಗನ್ನಿನ ತುದಿಯ ಕರೆಂಟು ಕಡಿಮೆ ವೋಲ್ಟಿನದು ನಿಜ. ಒಣಗಿದ ಕೈಗೆ ಅದು ತಿಳಿಯುವುದೂ ಇಲ್ಲ. ಬೆವರಿನಲ್ಲಿ ನೆಂದು, ಒದ್ದೆ ನೆಲದಲ್ಲಿ ಮೊಣಕಾಲೂರಿ ಟ್ರೇಲರಿನ ಅಡಿಗೆ ನುಸುಳಿದಾಗ ಹಾಗಲ್ಲ. ಒಣ ಹಲಗೆಯ ಮೇಲೆ ಕುಳಿತುಕೊಳ್ಳಿ, ಒಣ ಚರ್ಮದ ಕೈಚೀಲ ತೊಡಿ, ಸೋಗೆಯ ಚಪ್ಪರ ಸೋರುವ ಕಡೆ ಕೆಲಸವನ್ನು ಮುಂದಕ್ಕೆ ಹಾಕಿ. ಕೆಲವು ಯಂತ್ರಗಳಲ್ಲಿ ಗುಂಡಿ ಒತ್ತದಿದ್ದರೂ ತಂತಿಯಲ್ಲಿ ಕರೆಂಟಿರುತ್ತದೆ. ಗುಂಡಿ ಒತ್ತಿದಾಗಲಂತೂ ಪೆಟ್ಟಿಗೆಯೊಳಗಿನ ಸುರುಳಿಗೂ ರೋಲರಿಗೂ ಅದೇ ಕರೆಂಟು. ಬಾಗಿಲು ತೆರೆದಿಟ್ಟು ಒಬ್ಬರು ಗುಂಡಿ ಒತ್ತುವುದು, ಇನ್ನೊಬ್ಬರು ಸುರುಳಿ ಹಿಡಿಯುವುದು ಕೂಡದು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟವರು ಮನೆಯಲ್ಲಿದ್ದರೆ ಅವರನ್ನು ದೂರವಿರಿಸಿ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಸ್ವಿಚ್ಚು. ಅದು ದೂರವಿದ್ದರೆ ಒಣಗಿದ ಬಿದಿರಿನಿಂದ ವಯರನ್ನು ಸರಿಸಿ; ಅವರ ಮೈ ಮುಟ್ಟಬೇಡಿ. ಬಳಿಕ 108ಕ್ಕೆ ಕರೆ ಮಾಡಿ.

ಸುಲಿಯುವ ಯಂತ್ರವನ್ನು ಕೂಡಿಸುವಾಗ ಕ್ಲ್ಯಾಂಪು ಎಲ್ಲಿ ಕಚ್ಚಿಸುತ್ತೀರಿ ಎಂಬುದನ್ನೂ ನೋಡಿ. ಷಾಫ್ಟಿನ ಹಲ್ಲಿಗೆ ವೆಲ್ಡಿಂಗ್, ಕ್ಲ್ಯಾಂಪು ಮಾತ್ರ ಚೌಕಟ್ಟಿಗೆ ಎಂದಾದರೆ, ಕರೆಂಟು ಬೇರಿಂಗಿನ ಮೂಲಕವೇ ಹಾದುಹೋಗಬೇಕು. ಗುಂಡುಗಳ ನಡುವೆ ಕಣ್ಣಿಗೆ ಕಾಣದ ಕಿಡಿ ಹಾರಿ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಅಂದು ಯಂತ್ರ ಓಡುತ್ತದೆ, ಹದಿನೈದು ದಿನದ ಮೇಲೆ ಬೇರಿಂಗು ಕೂಗಲು ಶುರುವಾಗುತ್ತದೆ, ನಾವು ಬೇರಿಂಗಿನ ಕಂಪನಿಯನ್ನು ಬೈಯುತ್ತೇವೆ. ಯಾವ ತುಂಡಿಗೆ ವೆಲ್ಡಿಂಗೋ ಅದೇ ತುಂಡಿಗೆ, ಆದಷ್ಟು ಹತ್ತಿರದಲ್ಲಿ ಕ್ಲ್ಯಾಂಪು. ಯಂತ್ರದ ಮೋಟಾರಿನ ಪ್ಲಗ್ಗನ್ನೂ ತೆಗೆದಿಡಿ. ಕ್ಲ್ಯಾಂಪು ಸರಿಯಾಗಿ ಕಚ್ಚದಿದ್ದರೆ ವೆಲ್ಡಿಂಗ್ ಕರೆಂಟು ಆ ಮೋಟಾರಿನ ಅರ್ತ್ ವಯರನ್ನೇ ಮರಳುವ ದಾರಿ ಮಾಡಿಕೊಂಡು ಅದನ್ನು ಸುಟ್ಟುಹಾಕಬಲ್ಲದು. ಬ್ಯಾಟರಿ ಇರುವ ವಾಹನವಾದರೆ ಬ್ಯಾಟರಿಯ ವಯರು ಕಳಚಿ. ಡೀಸೆಲ್ ಟ್ಯಾಂಕಿನ ಹತ್ತಿರ ವೆಲ್ಡಿಂಗ್ ಬೇಡವೇ ಬೇಡ.

ಗನ್ನು ವಿಪರೀತ ಕಾಯುತ್ತದೆ ಎಂಬ ದೂರಿಗೂ ಉತ್ತರ ಹೇಳಿಬಿಡುತ್ತೇನೆ. ಸಡಿಲವಾದ ಸೇರುವೆಯನ್ನು ಆಗಲೇ ಹೇಳಿದೆ. ಅದಲ್ಲದಿದ್ದರೆ ಗನ್ನಿಗೆ ವಿಶ್ರಾಂತಿ ಸಾಲದು. ಯಂತ್ರದ ಹಲಗೆಯ ಮೇಲೆ 60 ಶೇಕಡ ಎಂದು ಬರೆದಿದ್ದರೆ, ಅಲ್ಲಿ ಕೊಟ್ಟಿರುವ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ ಎಂದರ್ಥ. ಎತ್ತಿಗೂ ನಾವು ಮಧ್ಯಾಹ್ನ ನೊಗ ಇಳಿಸುತ್ತಿದ್ದೆವು.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಬಿಡಿಭಾಗ ಬಹಳವಿಲ್ಲ. ನಿಮ್ಮ ತಂತಿಯ ಅಳತೆಯ ಟಿಪ್ಪು ಐದಾರು, ಒಂದು ನಾಜಲ್ಲು, ಒಂದು ತಡೆಬಳೆ, ಒಂದು ಗುಂಡಿಯ ಸ್ವಿಚ್ಚು, ಗಟ್ಟಿಯಾದ ಒಂದು ಕ್ಲ್ಯಾಂಪು. ಕೊನೆಕೊಯ್ಲಿಗೆ ಮುಂಚೆಯೇ, ನವರಾತ್ರಿಯ ಆಯುಧಪೂಜೆಗೆ ಯಂತ್ರ ತೊಳೆದು ಒರೆಸುವ ದಿನ, ಇವನ್ನೂ ನೋಡಿಕೊಳ್ಳಿ. ಗನ್ನಿಗೆ ನೀರು ಮಾತ್ರ ಹಾಕಬೇಡಿ, ಒಣ ಬಟ್ಟೆ ಸಾಕು. ಯಂತ್ರದ ಗಾಳಿಯ ಕಿಂಡಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿದೆಯೇ ಇಣುಕಿ ನೋಡಿ. ಮಳೆಗಾಲದಲ್ಲಿ ತಂತಿಯ ಸುರುಳಿಯನ್ನು ಹೊರತೆಗೆದು, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಟ್ಟು ಒಲೆಯ ಮೇಲಿನ ಅಟ್ಟದ ಬದಿಗಿಟ್ಟರೆ ತುಕ್ಕು ಹಿಡಿಯುವುದಿಲ್ಲ. ಗನ್ನಿನ ಕೇಬಲ್ಲನ್ನು ಬಾಗಿಲ ಹಿಂದಿನ ಮೊಳೆಗೆ ಮಡಚಿ ನೇತುಹಾಕುವುದು ಬೇಡ. ಮೊಳೆಯ ಮೇಲೆ ಚೂಪಾಗಿ ಮಡಚಿದ ಜಾಗದಲ್ಲಿಯೇ ಒಳಗಿನ ತೆಳು ವಯರು ಮುರಿಯುವುದು. ಹಳೆಯ ಸ್ಕೂಟರಿನ ಟೈರೊಂದನ್ನು ಇಲಿ ಏರದಷ್ಟು ಎತ್ತರದಲ್ಲಿ ತೊಲೆಗೆ ತೂಗುಹಾಕಿ, ಅದರ ಸುತ್ತ ಅಗಲವಾಗಿ ಸುತ್ತಿಡಿ.